ಐನೂರರ ಮೇಲೆ ನಲವತ್ತು

"ಯಾವಳೇ ಅದು, ಅರಿಸ್ನದ ಚೀಲದೊಳಕ್ಕ ಕರಿಬೂದಿ ಕಟ್ಟಿ ಕಳ್ಸಿದೋಳು? ಬಾಯ್ ಬುಡ್ರೇ ಮುಂಡೇರಾ! ಅಲ್ಲಿ ಬಾಂಗ್ಲಾ ಬಾರ್ಡರ್ ಮುಂದ ನನ್ ಮಾನ ಮೂರ್ ಕಾಸ್ಗ ಹರಾಜಾಯ್ತಾ ಅದ, ಇಲ್ಲಿ ಮೂಕಬಸವನಂಗ ಕುಂತಿದ್ದೀರಾ?"

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯ ಆ ಮಂಡಿಯಲ್ಲಿ ಅರಿಶಿನ ಪಾಲಿಶ್ ಮಾಡುವ ಡ್ರಮ್ಮು ತಿರುಗುತ್ತಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕಿವಿಗೆ ಬೀಳದು. ಆದರೆ ಸಾಹುಕಾರ ಗುರುಮಲ್ಲಪ್ಪನ ಗಂಟಲು ಡ್ರಮ್ಮನ್ನೂ ಮೀರಿಸಿತು. ಯಾರೋ ಓಡಿಹೋಗಿ ಸ್ವಿಚ್ಚು ಆರಿಸಿದರು. ಅರಿಶಿನದ ಕೊಂಬು ಆರಿಸುತ್ತ, ಚೀಲದ ಬಾಯಿ ಹೊಲಿಯುತ್ತ ಕೂತಿದ್ದ ಹನ್ನೊಂದು ಹೆಂಗಸರೂ ಒಟ್ಟಿಗೆ ತಲೆ ತಗ್ಗಿಸಿದರು. ಆ ಮಂಡಿಯಲ್ಲಿ ತಲೆ ತಗ್ಗಿಸುವುದೂ ಒಂದು ಕೆಲಸವೇ, ಕೂಲಿ ಮಾತ್ರ ಇಲ್ಲ.

ಶಿವನಂಜಮ್ಮ ಸುಮ್ಮನೆ ಕೂತಿದ್ದರೆ ಆಗುತ್ತಿತ್ತೋ ಏನೋ. ಆದರೆ ಅವಳ ಪಕ್ಕದಲ್ಲಿ ಕೂತು ಹೊಲಿಯುವ ಗೋವಿಂದಮ್ಮ ಓರೆಗಣ್ಣಲ್ಲಿ ಅವಳನ್ನೇ ನೋಡಿದ್ದು ಗುರುಮಲ್ಲಪ್ಪನಿಗೆ ಕಂಡುಹೋಯಿತು. ಇನ್ನು ಮುಚ್ಚಿಟ್ಟು ಮಾಡುವುದೇನು? ಕೈಯಲ್ಲಿದ್ದ ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಎದ್ದು ನಿಂತಳು.

"ನಾನು ಬುದ್ದಿ. ಅದು ಕಪ್ಪುದೂಳ್ತ ಬುದ್ದಿ, ನಮ್ ಸಿದ್ದಪ್ಪಾಜಿದು. ದಾರಿಗ್ ಕಾವಲಿರ್ಲಿ ಅಂತ..."

"ಥೂ ನಿನ್ ಕಾವಲಿಗ್ ಬೆಂಕಿ ಬೀಳ! ನಿನ್ ಗಂಡನ್ನ ಒಳಗ್ ಆಕ್ಬುಟ್ಟವರ, ಗೊತ್ತಾ?"

ಶಿವನಂಜಮ್ಮ ಚೀಲ ದಾಟಿಕೊಂಡು ಎರಡು ಹೆಜ್ಜೆ ಮುಂದೆ ಬಂದಳು.

ಅವಳ ಗಂಡ ಚಿಕ್ಕಸಿದ್ದಯ್ಯ ಅದೇ ಗುರುಮಲ್ಲಪ್ಪನ ಹದಿನಾರು ಚಕ್ರದ ಲಾರಿಯ ಡ್ರೈವರು. ಕಾಮಗೆರೆ ಕಡೆಯ ಕೇರಿಯವರು ಇಬ್ಬರೂ. ಹೆಂಡತಿ ಚೀಲದ ಬಾಯಿ ಹೊಲಿಯುವುದು, ಗಂಡ ಆ ಚೀಲವನ್ನೇ ಬಾಂಗ್ಲಾದೇಶದ ಗಡಿಗೆ ಹೊಡೆದುಕೊಂಡು ಹೋಗುವುದು. ಒಂದು ಗಾಡಿ, ಒಂದೇ ಮಾಲು, ದಾರಿಯಲ್ಲಿ ಎಲ್ಲೂ ಇಳಿಸುವಂತಿಲ್ಲ, ಹತ್ತಿಸುವಂತಿಲ್ಲ. ಏಳು ದಿನದ ದಾರಿ. ಗಡಿ ಮುಟ್ಟಿದ ಮೇಲೆ ಲಾರಿಗಳ ಸಾಲಲ್ಲಿ ಇಪ್ಪತ್ತು ದಿನವೋ ತಿಂಗಳೋ ಕಾಯಬೇಕು. ಲಾರಿ ಕೆಳಗೇ ಅಡುಗೆ, ಲಾರಿ ಕೆಳಗೇ ನಿದ್ದೆ. ಸರದಿ ಬಂದಾಗ ಗಡಿ ದಾಟಿ, ಆಚೆ ಮಾಲು ಇಳಿಸಿ, ಖಾಲಿ ಗಾಡಿ ತಂದರೆ ಒಂದು ಟ್ರಿಪ್ಪು ಆದಂತೆ. ವರ್ಷಕ್ಕೆ ಐದಾರು ಸಲ ಗಂಡನ ಮುಖ ಕಾಣುತ್ತಿದ್ದಳು ಶಿವನಂಜಮ್ಮ.

ಈ ಸಲ ಹೊರಟಿದ್ದು ಹೊಸ ಲಾರಿ. ಮಠದ ಅಯ್ಯನವರನ್ನು ಕರೆಸಿ ಕ್ಯಾಬಿನ್ನಿನಲ್ಲಿ ಮಾದಪ್ಪನ ಪಟ ಇಡಿಸಿ, ವಿಭೂತಿ ಬಳಿಸಿ, ಕುಂಬಳಕಾಯಿ ಒಡೆಸಿ ಭರ್ಜರಿ ಪೂಜೆಯಾಗಿತ್ತು. ಚಿಕ್ಕಸಿದ್ದಯ್ಯ ಮನೆಯಿಂದ ತಂದಿದ್ದ ಧೂಳ್ತದ ಗಂಟನ್ನು ಸ್ಟೀರಿಂಗಿನ ಪಕ್ಕ ಸಿಕ್ಕಿಸಲು ಹೋದ. ಸಾಹುಕಾರನ ಮಗ ಶಾಂತಮೂರ್ತಿ ಕೆಳಗಿನಿಂದಲೇ ಕೂಗಿದ: "ಏಯ್, ಇಳಿಸ್ಲಾ ಅದ! ನಮ್ ಮಾದಪ್ಪನ್ ಪಕ್ಕದಲ್ಲಿ ನಿಮ್ ಕೇರಿ ಬೂದಿ ಮಡುಗ್ತೀಯಾ? ಗಾಡಿ ಓಡ್ಸಕ್ಕ ಕರದಿರದು ನಿನ್ನ, ದೇವ್ರು ಕೂರ್ಸಕ್ಕಲ್ಲ."

ಚಿಕ್ಕಸಿದ್ದಯ್ಯ ಗಂಟನ್ನು ತಂದು ಹೆಂಡತಿಯ ಕೈಗಿತ್ತು, ಬಾಯಿ ಸತ್ತವನ ಹಾಗೆ ಹೋಗಿ ಗಾಡಿ ಹತ್ತಿದ. ಎಲ್ಲಿಯಾದರೂ ಉಂಟೇ? ಆ ಕೇರಿಯವರು ಹೊಳೆ ದಾಟಿ ನೆಂಟರ ಮನೆಗೆ ಹೋಗುವಾಗಲೂ ಹಣೆಗೆ ಕಪ್ಪುಧೂಳ್ತ ಇಡದೆ ಹೊಸ್ತಿಲು ದಾಟಿದವರಲ್ಲ. ದೇಶದ ಕೊನೆಗೆ ಹೋಗುವ ಗಂಡನನ್ನು ಬರಿಗೈಯಲ್ಲಿ ಕಳಿಸುವುದೇ? ಅಷ್ಟು ಹೊತ್ತಿಗೆ ಹೊಲಿಯಲು ಒಂದೇ ಚೀಲ ಉಳಿದಿತ್ತು. ಸೆರಗು ಮರೆ ಮಾಡಿ ಧೂಳ್ತದ ಗಂಟನ್ನು ಕೊಂಬುಗಳ ಮೇಲಿಟ್ಟು, "ಅಪ್ಪಾ ನೀನೇ ಜೊತೇಲಿರು" ಅಂದು ಬಾಯಿ ಹೊಲಿದುಬಿಟ್ಟಳು. ಕ್ಯಾಬಿನ್ನಿನಲ್ಲಿ ಜಾಗ ಕೊಡದಿದ್ದರೆ ಬೇಡ, ಹಿಂದೆ ಕೂತು ಬರಲಿ ದೇವರು.

ಕೊನೆಗೆ ಹೊಲಿದ ಚೀಲ ಲಾರಿಯ ಹಿಂಬದಿಗೆ, ಎಲ್ಲಕ್ಕಿಂತ ಮೇಲೆ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗಡಿಯ ಆಫೀಸರು ಸ್ಯಾಂಪಲ್ಲಿಗೆ ಎಂದು ಮೊದಲು ಬಿಚ್ಚಿಸುವುದು ಅದೇ ಚೀಲವನ್ನು ಎಂಬುದು ಮಾತ್ರ ಗೊತ್ತಿರಲಿಲ್ಲ. ಗೊತ್ತಾಗುವುದು ಹೇಗೆ, ಪಾಪ?

ಮುಂದಿನದನ್ನು ಗುರುಮಲ್ಲಪ್ಪ ಉಗುಳು ಹಾರಿಸಿಕೊಂಡು ಹೇಳಿದ. ಹಳದಿ ಕೊಂಬಿನ ನಡುವೆ ಬಟ್ಟೆ ಗಂಟು, ಗಂಟಿನಲ್ಲಿ ಕಪ್ಪು ಪುಡಿ. ಅಮಲಿನ ಪುಡಿಯೇ ಇರಬೇಕು ಅಂತ ಅಲ್ಲಿನವರು ನಾಯಿ ಕರೆಸಿದರು. ಲಾರಿ ಪೂರ್ತಿ ಇಳಿಸಿದರು. ಒಂದೊಂದೂ ಚೀಲ ಎಣಿಸಿದರು. ನಾಲ್ಕು ದಿನದ ಮೇಲೆ ಲ್ಯಾಬಿನಿಂದ ಅದು ಬರೀ ಬೂದಿ ಅಂತ ಬಂತು. ಆದರೆ ಅಷ್ಟರಲ್ಲಿ ಎಣಿಕೆ ಮುಗಿದಿತ್ತು. ಕಾಗದದಲ್ಲಿ ಐನೂರು ಚೀಲ, ಗಾಡಿಯಲ್ಲಿ ಐನೂರ ನಲವತ್ತು. ಹೆಚ್ಚಾದ ನಲವತ್ತು ಕಳ್ಳಮಾಲು ಅಂತ ಡ್ರೈವರನ್ನು ಒಳಗೆ ಹಾಕಿದರು.

ಅಷ್ಟು ಹೇಳಿ ಗುರುಮಲ್ಲಪ್ಪ ಯಾಕೋ ದನಿ ಇಳಿಸಿ, "ಬಾಮ್ಮಿ ಒಳಕ್ಕ. ಮಾತಾಡಬೇಕು" ಅಂದ.

ಆಫೀಸಿನ ರೂಮಿಗೆ ಶಿವನಂಜಮ್ಮ ಹದಿನಾಲ್ಕು ವರ್ಷದಲ್ಲಿ ಕಸ ಗುಡಿಸಲು ಮಾತ್ರ ಹೋಗಿದ್ದಳು. ಹೋಗಿ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಅಯ್, ಅಲ್ಯಾಕ್ ಕುಂತೀಯೆ? ಕುರ್ಚಿ ಮ್ಯಾಲ್ ಕೂತ್ಕ."

ಅವಳಿಗೆ ಇನ್ನಷ್ಟು ಭಯವಾಯಿತು. ಸಾಹುಕಾರರ ಬೈಗುಳ ಅರ್ಥವಾಗುತ್ತದೆ, ಕುರ್ಚಿ ಅರ್ಥವಾಗುವುದಿಲ್ಲ. "ಇಲ್ಲೇ ಸರಿಯಾಗದ ಬುದ್ದಿ" ಅಂದು ಅಲ್ಲೇ ಉಳಿದಳು. ಕಂಪ್ಯೂಟರಿನ ಮುಂದೆ ಕೂತಿದ್ದ ಶಿವರಂಜನಿ, ಯಳಂದೂರು ಕಡೆಯ ಅಗರದಿಂದ ದಿನಾ ಬಸ್ಸಿನಲ್ಲಿ ಬಂದು ಮಂಡಿಯ ಬಿಲ್ಲು ಟೈಪು ಮಾಡುವ ಹುಡುಗಿ, ಇವಳ ಕಡೆ ನೋಡಲೇ ಇಲ್ಲ.

ಗುರುಮಲ್ಲಪ್ಪ ಗಡಿಯಲ್ಲಿರುವ ತನ್ನ ಏಜೆಂಟನಿಗೆ ಫೋನು ಹಚ್ಚಿದ. ಹಿಂದಿಯಲ್ಲಿ ಏನೋ ಮಾತಾಡಿ, ಫೋನಿನ ದನಿ ಎಲ್ಲರಿಗೂ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟ. ಗಡಗಡ ಸದ್ದಿನ ನಡುವೆ ಚಿಕ್ಕಸಿದ್ದಯ್ಯನ ದನಿ ಬಂತು.

"ಅಮ್ಮೀ... ಕೇಳ್ತದಾ?"

"ಕೇಳ್ತದ ಕಣಾ. ಉಂಡ್ಯಾ?"

ಆ ಕಡೆ ಮೂಗು ಸೇದಿದ ಸದ್ದು ಬಂತು. ಅವನು ಅಳುತ್ತಿದ್ದಾನೆ ಅಂತ ಅವಳಿಗೆ ತಿಳಿಯಿತು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನ ಅಳು ಕೇಳಿದ್ದು ಎರಡೇ ಸಲ, ಎರಡು ಸಲವೂ ಮಣ್ಣಿಗೆ ಹೋದ ಮಕ್ಕಳಿಗಾಗಿ.

"ಇಲ್ಲಿ ನನ್ ಮಾತು ಒಬ್ರಿಗೂ ತಿಳಿಯಲ್ಲ ಕಣಮ್ಮಿ. ಅದು ನಮ್ ಸಿದ್ದಪ್ಪಾಜಿ ಬೂದಿ ಕಣ್ರಪ್ಪೋ ಅಂತ ಅಣೆಗ್ ಇಕ್ಕಂಡ್ ತೋರುಸ್ದಿ. ನಗಾಡುದ್ರು. ಆಮ್ಯಾಕ ಒಡುದ್ರು. ನಲ್ವತ್ ಚೀಲ ಯಾರ್ದು, ನಲ್ವತ್ ಚೀಲ ಯಾರ್ದು ಅಂತ ಅದ್ನೇ ಕೇಳ್ತರ."

"ನನ್ ಕೈಯಾರ ಆಗೋಯ್ತು ಕಣಾ, ನಾನೇ ಮಡುಗ್ದಿ ಅದ..."

"ಬುಡು ಅದ. ಬುದ್ದಿಯೋರು ಏನೋ ಪೇಪರ್ ಮಾಡ್ಸವ್ರಂತ. ಅದುಕ್ಕ ಎಬ್ಬೆಟ್ ಒತ್ತು. ಏನೂ ಕೇಳ್ಬ್ಯಾಡ, ಒತ್ಬುಡು. ನಾನ್ ಮನೆಗ್ ಬರಬೇಕು ಕಣಮ್ಮಿ. ಇಲ್ಲೇ ಸತ್ರ ನನ್ ಯೆಣ ಯಾವ್ ಊರ್ದು ಅಂತನೂ..."

ಗುರುಮಲ್ಲಪ್ಪ ಬೆರಳಿಟ್ಟು ಫೋನು ಕತ್ತರಿಸಿದ. "ಕೇಳುದ್ಯಲ್ಲ? ನಿನ್ ಗಂಡನೇ ಯೋಳವ್ನ. ಶಿವರಂಜನೀ, ಅದ ಕೊಡು."

ಶಿವರಂಜನಿ ಎದ್ದು ಬಂದು ಒಂದು ಹಾಳೆಯನ್ನೂ ಇಂಕಿನ ಪ್ಯಾಡನ್ನೂ ಮೇಜಿನ ಮೇಲಿಟ್ಟು ಮತ್ತೆ ಹೋಗಿ ಕೂತಳು. ಗುರುಮಲ್ಲಪ್ಪ ಕನ್ನಡಕ ಏರಿಸಿಕೊಂಡು, ಸಾಲಿನ ಮೇಲೆ ಬೆರಳು ಓಡಿಸುತ್ತ ಓದಿದ:

"'ನನ್ನ ಗಂಡ ಚಿಕ್ಕಸಿದ್ದಯ್ಯ ಅಮಾಯಕ. ಅವನದು ಏನೂ ತಪ್ಪಿಲ್ಲ. ಎಣಿಕೆಯಲ್ಲಿ ಹೆಚ್ಚುಕಮ್ಮಿಯಾಗಿದೆ. ದಯಮಾಡಿ ಬಿಟ್ಟುಕೊಡಿ.' ಅಷ್ಟೇಯ. ಇದು ಅಲ್ಲಿಗೋದ್ರ ವಾರದಲ್ಲಿ ಮನೆಗ್ ಬತ್ತನ. ಲಾಯರ್ ನಾನೇ ಮಡುಗ್ತೀನಿ. ಒತ್ತು."

ಶಿವನಂಜಮ್ಮನ ಕಣ್ಣಲ್ಲಿ ನೀರು ಬಂತು. ಎಷ್ಟಾದರೂ ದೊಡ್ಡವರು, ಬಾಯಿ ಕೆಟ್ಟದು, ಹೊಟ್ಟೆ ಕೆಟ್ಟದಲ್ಲ ಅಂದುಕೊಂಡಳು. ಹತ್ತಿರ ಬಂದು ಪ್ಯಾಡಿನ ಕಡೆ ಕೈ ಚಾಚಿದಳು. ಅಷ್ಟರಲ್ಲಿ ಹೊರಗೆ ಇನ್ನೊಂದು ಲಾರಿ ಲೋಡಿಗೆ ಬಂದು ಹಾರ್ನ್ ಹೊಡೆಯಿತು. "ಅಮಾಲೀರು ಎಲ್ ಸತ್ರೋ!" ಎಂದು ಗುರುಮಲ್ಲಪ್ಪ ಎದ್ದು ಹೊರಗೆ ಹೋದ. ಅವನ ಹಿಂದೆಯೇ ಮಗ ಶಾಂತಮೂರ್ತಿ ಒಳಗೆ ಬಂದು, ಅಪ್ಪನ ಕುರ್ಚಿಯಲ್ಲಿ ಕೂತ.

"ಇನ್ನೂ ಒತ್ತಿಲ್ವಾ?"

"ಒತ್ತೀನಿ ಚಿಕ್ಬುದ್ದಿ. ನಮ್ಮೋರ್ ಎಸ್ರು ಸರಿಯಾಗ್ ಬರ್ದವ್ರಾ, ವಸಿ ಓದಿ. ಓಟಿನ್ ಚೀಟೀಲಿ ಚಿಕ್ಕಸಿದ್ದ ಅಂತ ಮಾತ್ರ ಬರ್ದು ಭಾರಿ ತೊಂದ್ರೆ ಆಗಿತ್ತು."

ಶಿವರಂಜನಿಯ ಬೆರಳು ಕೀಲಿಗಳ ಮೇಲೆ ನಿಂತಿತು. ಶಾಂತಮೂರ್ತಿಗೆ ಅಪ್ಪ ಏನು ಓದಿದ್ದನೆಂದು ಏನು ಗೊತ್ತು? ಹಾಳೆ ಎತ್ತಿಕೊಂಡು ಶಾಲೆ ಹುಡುಗನ ಹಾಗೆ ಗಡಗಡ ಓದಿಯೇಬಿಟ್ಟ.

"'ಶಿವನಂಜಮ್ಮ ಕೋಂ ಚಿಕ್ಕಸಿದ್ದಯ್ಯ ಆದ ನಾನು ಸ್ವಇಚ್ಛೆಯಿಂದ ಬರೆದುಕೊಟ್ಟ ಹೇಳಿಕೆ ಏನೆಂದರೆ, ಸದರಿ ಮಂಡಿಯಲ್ಲಿ ನಾನು ಐನೂರು ಚೀಲಗಳಿಗೆ ಮಾತ್ರ ಹೊಲಿಗೆ ಹಾಕಿರುತ್ತೇನೆ. ಉಳಿದ ನಲವತ್ತು ಚೀಲಗಳನ್ನು ನನ್ನ ಗಂಡನು ಮಾಲೀಕರಿಗೆ ತಿಳಿಯದಂತೆ ದಾರಿಯಲ್ಲಿ ಹತ್ತಿಸಿಕೊಂಡಿರುತ್ತಾನೆ. ಈ ಹಿಂದೆಯೂ ಇಂಥ ಕಳ್ಳಸಾಗಣೆ ಮಾಡಿರುವುದಾಗಿ ನನ್ನ ಬಳಿ ಹೇಳಿರುತ್ತಾನೆ...' ಎಸ್ರು ಸರಿಯಾಗೇ ಅದಲ್ಲ. ಒತ್ತು."

ಶಿವನಂಜಮ್ಮನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಒಂದೊಂದೇ ಮಾತು ಒಳಗೆ ಇಳಿಯಿತು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿತು ಅಂತಾರಲ್ಲ, ಇಲ್ಲಿ ಒರೆಸುವುದಕ್ಕೂ ಮೇಕೆಯ ಹೆಂಡತಿಯ ಕೈಯೇ ಬೇಕಾಗಿತ್ತು.

"ಇದೇನ್ ಚಿಕ್ಬುದ್ದಿ? ಐನೂರಾದ ಮ್ಯಾಲ 'ಇನ್ನೊಂದ್ ನಲ್ವತ್ ಒಲ್ದಾಕಿ, ಸಂಜೆ ಟೀ ಕೊಡ್ಸ್ತೀನಿ' ಅಂತ ನೀವೇ ಅಲ್ವ ಯೋಳಿದ್ದು? ನಾನು ಗೋವಿಂದಕ್ಕ ಇಬ್ರೂ ಕುಂತು ಒಲಿಲಿಲ್ವ? ಆ ನಲ್ವತ್ತುಕ್ಕ ಒಲ್ದು ಮಿಕ್ಕಿದ್ ಹಸುರು ಹುರಿ ಇನ್ನೂ ಅಲ್ಲೇ ಬಿದ್ದದ."

ಶಾಂತಮೂರ್ತಿಯ ಮುಖ ಕಪ್ಪಿಟ್ಟಿತು. "ಅಪ್ಪಾಜೀ!" ಎಂದು ಕೂಗಿದ.

ಗುರುಮಲ್ಲಪ್ಪ ಬಂದ. ಮಗನ ಕೈಯ ಹಾಳೆ ನೋಡಿದ, ಶಿವನಂಜಮ್ಮನ ಮುಖ ನೋಡಿದ. ಎಲ್ಲ ತಿಳಿದುಹೋಯಿತು. "ಓದ್ಬುಟ್ಯಾ? ಕತ್ತೆ ಬಡವ!" ಎಂದು ಮಗನಿಗೆ ಬೈದು ಬಾಗಿಲು ಮುಂದಕ್ಕೆ ತಳ್ಳಿದ.

"ನಮ್ಮೋರಿಗೆ ನಲ್ವತ್ ಚೀಲ ಅರಿಸ್ನ ಎಲ್ಲಿಂದ ಬಂತು ಬುದ್ದಿ?" ಅಂದಳು ಶಿವನಂಜಮ್ಮ. "ನಮ್ಮನೇಲಿ ಸಾರಿಗ್ ಅರಿಸ್ನ ಬೇಕಂದ್ರ ನಾನ್ ಉಟ್ಟಿರೋ ಸೀರೆ ಒದರಬೇಕು. ಇದುಕ್ಕ ಒತ್ತುದ್ರ ಅವ್ರು ನಮ್ಮೋರ್ನ ಬುಡ್ತಾರಾ, ಇಲ್ಲ ಜೈಲ್ಗಾಕ್ತಾರಾ? ಇನ್ನೊಂದಪ ಪೋನ್ ಮಾಡ್ಕೊಡಿ. ಇದ್ರಲ್ಲಿ ಇಂಗಿಂಗ್ ಬರ್ದದ, ಒತ್ಲಾ ಅಂತ ನಾನೇ ಕೇಳ್ತೀನಿ."

"ಪೋನ್ ಸಿಗಲ್ಲ ಈಗ."

"ಸಿಗೋಗಂಟ ಕಾಯ್ತೀನಿ ಬುದ್ದಿ."

"ಏನೇ, ಎದುರ್ಮಾತು? ಯಾರ್ ಅನ್ನ ತಿಂದ್ಕಂಡ್ ಬೆಳುದ್ರೇ ನೀವು?" ಗುರುಮಲ್ಲಪ್ಪ ಬಾಗಿಲು ಸರಿಸಿ ಕೂಗಿದ: "ಗೋವಿಂದಮ್ಮಾ! ಬಾರೇ ಇಲ್ಲಿ!"

ಗೋವಿಂದಮ್ಮ ಬಂದು ಹೊಸ್ತಿಲಾಚೆ ನಿಂತಳು. ವಯಸ್ಸಾದ ಹೆಂಗಸು. ಒಬ್ಬ ಮಗ ಇದೇ ಮಂಡಿಯಲ್ಲಿ ಮೂಟೆ ಹೊರುತ್ತಾನೆ, ಸೊಸೆ ಇಲ್ಲೇ ಕೊಂಬು ಆರಿಸುತ್ತಾಳೆ. ಮನೆಯ ಮೂರು ಒಲೆಕಲ್ಲೂ ಗುರುಮಲ್ಲಪ್ಪನ ಕೈಯಲ್ಲೇ ಇದ್ದವು ಅನ್ನಿ.

"ಆವತ್ತು ಎಷ್ಟ್ ಚೀಲ ಒಲುದ್ರಿ? ದೇವ್ರ್ ಮುಂದ ಯೋಳ್ದಂಗ ಯೋಳು."

ಗೋವಿಂದಮ್ಮ ಶಿವನಂಜಮ್ಮನನ್ನು ನೋಡಿದಳು. ಇಬ್ಬರೂ ಒಂದೇ ಬುತ್ತಿ ಬಿಚ್ಚಿ ಉಂಡವರು. ಶಿವನಂಜಮ್ಮನ ಎರಡನೇ ಮಗು ತೀರಿಕೊಂಡಾಗ ಮೂರು ದಿನ ಅವಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತವಳು ಇದೇ ಗೋವಿಂದಮ್ಮ.

"ಅಕ್ಕಾ, ಯೋಳಕ್ಕಾ" ಅಂದಳು ಶಿವನಂಜಮ್ಮ.

"ಐನೂರು ಬುದ್ದಿ" ಅಂದಳು ಗೋವಿಂದಮ್ಮ. "ಐನೂರೇಯ." ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹಿಂದಿರುಗಿದಳು. ಹೋಗುವಾಗ ಕಂಬಕ್ಕೆ ಹಣೆ ಬಡಿಯಿತು, ಅದನ್ನೂ ಸವರಿಕೊಳ್ಳಲಿಲ್ಲ.

ಶಿವನಂಜಮ್ಮನಿಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಆ ಜಾಗದಲ್ಲಿ ತಾನಿದ್ದರೂ ಅಷ್ಟೇ ಅಂದುಕೊಂಡಳು. ಪೊಲೀಸರ ಹತ್ತಿರ ಹೋಗುವುದೇ? ಅಲ್ಲೂ ಕೇಳುವುದು ಇದೇ ಗೋವಿಂದಮ್ಮನನ್ನು. ಗಡಿಗೆ ಹೋಗುವುದೇ? ಯಾವ ಬಸ್ಸು ಹತ್ತಬೇಕು, ಯಾವ ಮಾತಲ್ಲಿ ಕೇಳಬೇಕು?

"ಕೇಳುದ್ಯಲ್ಲ? ಈಗ ಒತ್ತು."

"ಇಲ್ಲ ಬುದ್ದಿ. ನಿಮ್ ಕಾಲಿಗ್ ಬೀಳ್ತೀನಿ, ಇದೊಂದ್ ಮಾತ್ರ ಆಗಲ್ಲ." ನಿಜವಾಗಿಯೂ ಬಿದ್ದಳು. ಗುರುಮಲ್ಲಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ, ಮುಟ್ಟಿಸಿಕೊಂಡುಬಿಟ್ಟೇನೋ ಎನ್ನುವ ಹಾಗೆ. ಆಮೇಲೆ ಮಗನಿಗೆ ಕಣ್ಣಲ್ಲೇ ಸನ್ನೆ ಮಾಡಿದ.

ಶಾಂತಮೂರ್ತಿಗೆ ಮುಟ್ಟಲು ಯಾವ ಅಡ್ಡಿಯೂ ಬರಲಿಲ್ಲ. ಅವಳ ಮಣಿಕಟ್ಟು ಹಿಡಿದು ಮೇಲಕ್ಕೆಳೆದ. ಅವಳು ಮುಷ್ಟಿ ಬಿಗಿದಳು. ಅವನು ಒಂದೊಂದೇ ಬೆರಳು ಬಿಡಿಸಿದ. "ಬುಡಿ ಬುದ್ದಿ, ಬುಡಿ, ನಿಮ್ಮವ್ವನಂಗಿದ್ದೀನಿ" ಅಂತ ಅವಳು ಕಿರುಚುತ್ತಿದ್ದರೆ ಹೊರಗೆ ಯಾರೋ ಡ್ರಮ್ಮಿನ ಸ್ವಿಚ್ಚು ಒತ್ತಿದರು. ಅವಳ ಹೆಬ್ಬೆಟ್ಟನ್ನು ಪ್ಯಾಡಿಗೆ ಒತ್ತಿ, ಹಾಳೆಗೆ ಒತ್ತಿ, ಶಾಂತಮೂರ್ತಿ ಕೈಬಿಟ್ಟ.

"ಮುಗೀತು" ಅಂದ ಗುರುಮಲ್ಲಪ್ಪ, ಬೆವರು ಒರೆಸಿಕೊಂಡು. "ಇಷ್ಟಕ್ಕ ಇಷ್ಟ್ ರಾಮಾಯಣ."

ಶಿವನಂಜಮ್ಮ ಹಾಳೆ ನೋಡಿದಳು. ವರ್ಷಗಟ್ಟಲೆ ದಬ್ಬಣ ತಳ್ಳಿ ಅವಳ ಹೆಬ್ಬೆಟ್ಟಿನ ಗೆರೆ ಸವೆದುಹೋಗಿದೆ. ರೇಷನ್ ಅಂಗಡಿಯ ಮಿಷನ್ನು ಮೂರು ತಿಂಗಳಿಂದ ಅದನ್ನು ಒಪ್ಪಿಲ್ಲ, ಅಕ್ಕಿ ಕೊಟ್ಟಿಲ್ಲ. ಅದೇ ಹೆಬ್ಬೆಟ್ಟು ಇಲ್ಲಿ ಎಷ್ಟು ಚೆನ್ನಾಗಿ ಮೂಡಿತ್ತು! ತನ್ನ ಗಂಡನನ್ನು ಕಳ್ಳ ಅಂತ ಬರೆದ ಸಾಲಿನ ಕೆಳಗೆ, ನೀಲಿಯಾಗಿ, ದುಂಡಗೆ.

ಯಾರೂ ಅಂದುಕೊಳ್ಳುವ ಮೊದಲೇ ಹಾಳೆ ಅವಳ ಕೈಯಲ್ಲಿತ್ತು. ಹರಿದರೆ ಅಂಟಿಸಿಯಾರು. ಉಂಡೆ ಕಟ್ಟಿ ಬಾಯಿಗೆ ತುರುಕಿಕೊಂಡಳು.

"ಏಯ್! ಏಯ್, ತಿಂತಾವಳೆ ಕಣೋ! ಹಿಡ್ಕಳೋ ಬಾಯ!"

ಶಾಂತಮೂರ್ತಿ ಅವಳ ದವಡೆಗೆ ಕೈ ಹಾಕಿದ. ಕಚ್ಚಿದಳು. ಅವನು ಅಮ್ಮಾ ಅಂತ ಕೈ ಕೊಡವಿದ. ಗುರುಮಲ್ಲಪ್ಪ ಕುತ್ತಿಗೆ ಹಿಡಿದು ಬಗ್ಗಿಸಿದ, "ಉಗಿಯೇ, ಉಗಿಯೇ ಮುಂಡೆ!" ಎಂದು ಬೆನ್ನಿಗೆ ಗುದ್ದಿದ. ಅವಳು ಗೋಡೆಗೆ ಮುಖ ಒತ್ತಿಕೊಂಡು ಅಗಿದಳು. ಗಂಟಲು ಕಟ್ಟಿತು, ಉಸಿರು ಸಿಕ್ಕಿಕೊಂಡಿತು, ಕಣ್ಣು ಹೊರಗೆ ಬಂದವು. ಒಣ ಕಾಗದ, ಇಳಿಯುವುದು ಸುಲಭವೇ? ಕಣ್ಣೀರೂ ಎಂಜಲೂ ಸೇರಿಸಿಕೊಂಡು, ಸದರಿಯೂ ಸ್ವಇಚ್ಛೆಯೂ ಹೆಬ್ಬೆಟ್ಟೂ ಎಲ್ಲ ಒಟ್ಟಿಗೆ, ನುಂಗಿದಳು.

ಆಮೇಲೆ ಗೋಡೆಗೆ ಒರಗಿ ಕುಸಿದಳು. ತುಟಿಯೆಲ್ಲ ನೀಲಿ. ಗಂಡ ಮನೆಗೆ ಬರುವ ದಾರಿಯನ್ನು ತಿಂದೆನೋ, ಗಂಡನನ್ನು ಜೈಲಿಗೆ ಕಳಿಸುವ ದಾರಿಯನ್ನು ತಿಂದೆನೋ ಅವಳಿಗೇ ತಿಳಿಯಲಿಲ್ಲ. ಎರಡೂ ಒಂದೇ ಇರಬೇಕು ಅನ್ನಿಸಿ ದೊಡ್ಡ ದನಿ ತೆಗೆದು ಅತ್ತಳು.

"ಅಳು, ಚೆನ್ನಾಗ್ ಅಳು" ಅಂದ ಗುರುಮಲ್ಲಪ್ಪ ಏದುಸಿರು ಬಿಡುತ್ತ. "ಕಂಪ್ಯೂಟ್ರಲ್ಲಿ ಇರದ ಏನ್ ಮಾಡೀಯೆ? ಶಿವರಂಜನೀ, ಇನ್ನೊಂದ್ ತಗಿ."

ಶಿವರಂಜನಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಕಿವುಡಾ? ಒಂದಲ್ಲ, ಹತ್ತು ತಗಿ! ಎಷ್ಟ್ ತಿಂದಾಳು ನೋಡೇಬುಡ್ತೀನಿ."

ಹುಡುಗಿ ಶಿವನಂಜಮ್ಮನ ಕಡೆ ಒಂದು ಸಲ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡು ಕೀಲಿ ಒತ್ತಿದಳು. ಮೂಲೆಯ ಪ್ರಿಂಟರು ಗುರ್ ಎಂದಿತು.

ಶಿವನಂಜಮ್ಮನ ಅಳು ನಿಂತಿತು. ಎದ್ದು ನಿಲ್ಲಲು ಆಗಲಿಲ್ಲ. ನೆಲದ ಮೇಲೆ ತೆವಳಿಕೊಂಡೇ ಮೂಲೆಗೆ ಹೋದಳು.

"ತಗಿ ಮಗಾ" ಅಂದಳು ಶಿವರಂಜನಿಗೆ. "ನಿನ್ನೆ ಮಧ್ಯಾನದಿಂದ ಏನೂ ಉಂಡಿಲ್ಲ ನಾನು. ಅಷ್ಟೂ ತಗಿ."

ಮೊದಲನೆಯ ಹಾಳೆ ಬಿಸಿಬಿಸಿಯಾಗಿ ಹೊರಗೆ ಬರುತ್ತಿತ್ತು. ಅದು ಪೂರ್ತಿ ಬರುವ ಮೊದಲೇ ಶಿವನಂಜಮ್ಮ ಅದರ ತುದಿ ಹಿಡಿದಳು.